ಚಾಲಗೇಣಿಯ ಕಂಪ್ಯೂಟರು

ಬೆಟ್ಟಂಪಾಡಿಯಂಥ ಊರಿನ ಝೆರಾಕ್ಸ್ ಅಂಗಡಿಯೊಂದರಲ್ಲಿ ಕಾಲು ಗಂಟೆ ನಿಂತು ನೋಡಿ. ಸ್ಕಾಲರ್‌ಶಿಪ್ಪಿನ ಅರ್ಜಿ ತುಂಬಿಸಲು ಬಂದ ಕಾಲೇಜು ಹುಡುಗಿ, ಜಾತಿ ಸರ್ಟಿಫಿಕೇಟಿಗೆ ಬಂದ ಬೀಡಿ ಕಟ್ಟುವ ತಾಯಿ, ಆರ್‌ಟಿಸಿ ತೆಗೆಸಲು ಬಂದ ಮುದುಕ. ಎಲ್ಲರ ಕಣ್ಣೂ ಆ ಒಂದು ಪರದೆಯ ಮೇಲೆ. ಪರದೆಯ ಕೆಳಗೆ ಬಲಮೂಲೆಯಲ್ಲಿ ಬೂದಿ ಬಣ್ಣದ ಇಂಗ್ಲಿಷ್ ಅಕ್ಷರಗಳು: ವಿಂಡೋಸನ್ನು ಆಕ್ಟಿವೇಟ್ ಮಾಡಿ. ಹುಡುಗಿ ಕೇಳಿದಳು ಅಂತಿಟ್ಟುಕೊಳ್ಳಿ, "ಅದೆಂತ ಅಣ್ಣಾ ಮೂಲೆಯಲ್ಲಿ?" ಅಂಗಡಿಯವ ಹೇಳ್ತಾನೆ: "ಅದು ಹಾಗೇ ಇರ್ತದೆ ತಂಗಿ, ಕೆಲಸಕ್ಕೆ ಏನೂ ತೊಂದರೆ ಇಲ್ಲ."

ಕೆಲಸಕ್ಕೆ ತೊಂದರೆ ಇಲ್ಲ, ನಿಜ. ನಾವೂ ಹಾಗೇ ಹೇಳಿಕೊಂಡು ಬಂದವರು. ಈ ಪತ್ರಿಕೆಯ ಪುಟಗಳನ್ನೂ ಎಷ್ಟೋ ವರ್ಷ ಇಂಥದೇ ಪರದೆಯ ಮೇಲೆ ಜೋಡಿಸಿದ್ದೇವೆ. ಸಮಾನತೆಯ ಬಗ್ಗೆ ಬರೆದ ಲೇಖನದ ಮೂಲೆಯಲ್ಲೇ ಒಡೆಯನ ಚೀಟಿ ಅಂಟಿಕೊಂಡಿತ್ತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಈ ಚೀಟಿ ಎಲ್ಲಿಂದ ಬಂತು, ಯಾರು ಅಂಟಿಸಿದರು, ಯಾಕೆ ಅದನ್ನು ಅಲ್ಲೇ ಬಿಟ್ಟಿದ್ದಾರೆ ಎಂಬ ಚರಿತ್ರೆಯನ್ನು ಕೇಳಿಕೊಳ್ಳದೆ ಇಷ್ಟು ದಿನ ಕಳೆದದ್ದೇ ನಮ್ಮ ತಪ್ಪು.

ಮೊದಲು ಬೀಗದ ಕಥೆ. ಕಂಪ್ಯೂಟರ್ ಪ್ರೋಗ್ರಾಮನ್ನು ಒಬ್ಬರಿಂದ ಒಬ್ಬರು ಪಡೆಯುವುದು, ತಿದ್ದುವುದು, ಮರಳಿ ಕೊಡುವುದು ಒಂದು ಕಾಲಕ್ಕೆ ಸಹಜವಾಗಿತ್ತು. 1976ರ ಫೆಬ್ರವರಿಯಲ್ಲಿ ಬಿಲ್ ಗೇಟ್ಸ್ ಎಂಬ ಇಪ್ಪತ್ತರ ಹರೆಯದ ಅಮೆರಿಕನ್ ಯುವಕ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದ. ತನ್ನ ಕಂಪನಿಯ ಬೇಸಿಕ್ ಪ್ರೋಗ್ರಾಮನ್ನು ಹಣ ಕೊಡದೆ ನಕಲು ಮಾಡಿಕೊಂಡವರು ಕಳ್ಳರು ಅಂದ. ದುಡಿದವನಿಗೆ ಕೂಲಿ ಬೇಕು ಎಂಬ ಅವನ ಮಾತನ್ನು ನಾವು ತಳ್ಳಿಹಾಕುವುದಿಲ್ಲ; ಕೂಲಿ ಕೇಳುವುದನ್ನು ಕಲಿಸಿದ ಚಳವಳಿಯವರೇ ನಾವು. ಆದರೆ ಕೂಲಿ ಬೇರೆ, ಒಡೆತನ ಬೇರೆ. ಆ ಕಂಪನಿ ಮೈಕ್ರೋಸಾಫ್ಟ್ ದೊಡ್ಡದಾಗುತ್ತಾ ಹೋದ ಹಾಗೆ ಕಾಗದದ ಕರಾರು ಬಿಗಿಯಾಯಿತು. ಆ ಕರಾರಿನಲ್ಲಿ ಸ್ಪಷ್ಟವಾಗಿಯೇ ಉಂಟು: ತಂತ್ರಾಂಶವನ್ನು ನಿಮಗೆ ಮಾರಿಲ್ಲ, ಬಳಸಲು ಪರವಾನಗಿ ಮಾತ್ರ ಕೊಟ್ಟಿದೆ.

ನಮ್ಮ ದೇಶದ ಕಾನೂನೂ ಅದೇ ದಾರಿ ಹಿಡಿಯಿತು. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ತಿದ್ದುಪಡಿಯಾಗಿ ಕಂಪ್ಯೂಟರ್ ಪ್ರೋಗ್ರಾಂ 'ಸಾಹಿತ್ಯ ಕೃತಿ'ಯ ಸಾಲಿಗೆ ಸೇರಿತು. 1994ರ ತಿದ್ದುಪಡಿ ಬಂದ ಮೇಲೆ, ಗೊತ್ತಿದ್ದೂ ಗೊತ್ತಿದ್ದೂ ಕಳ್ಳಪ್ರತಿಯನ್ನು ಕಂಪ್ಯೂಟರಿನಲ್ಲಿ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಬಳಸದಿದ್ದರೆ ಕೋರ್ಟು ಜೈಲನ್ನು ಬಿಟ್ಟು, 50,000 ಮೀರದ ದಂಡ ಹಾಕಬಹುದು. ಝೆರಾಕ್ಸ್ ಅಂಗಡಿಯವ ಈ ರಿಯಾಯಿತಿಗೆ ಸೇರುವುದು ಕಷ್ಟ.

ಕಾಗದದ ಕಾನೂನು ಸಾಲದಾಯಿತು. 2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತನ್ನ ಹೊಟ್ಟೆಯಲ್ಲೇ ಬೀಗ ಇಟ್ಟುಕೊಂಡು ಬಂತು. ಮೂವತ್ತು ದಿನದೊಳಗೆ ಫೋನು ಅಥವಾ ಇಂಟರ್‌ನೆಟ್ಟಿನ ಮೂಲಕ ಕಂಪನಿಗೆ ವರದಿ ಮಾಡಿ ಆಕ್ಟಿವೇಟ್ ಮಾಡಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಇದರಲ್ಲಿ ಒಂದು ಮಾತು ಗಮನಿಸಿ. ಆ ಬೀಗ ಇದ್ದದ್ದು ಒಂದೊಂದೇ ಪ್ರತಿ ಕೊಳ್ಳುವ ಸಣ್ಣವರಿಗೆ. ಸಗಟಾಗಿ ಪರವಾನಗಿ ಕೊಳ್ಳುವ ದೊಡ್ಡ ಸಂಸ್ಥೆಗಳಿಗೆ ಕೊಟ್ಟ ಎಕ್ಸ್‌ಪಿಗೆ ಆಕ್ಟಿವೇಶನ್ನಿನ ಕಾಟವೇ ಇರಲಿಲ್ಲ! ದೊಡ್ಡವನ ಮನೆಗೆ ತೆರೆದ ಗೇಟು, ಬಡವನ ಗುಡಿಸಲಿಗೆ ಬೀಗ. ಈ ನ್ಯಾಯ ನಮಗೆ ಹೊಸತೇ? ಆ ದೊಡ್ಡವರ ಪ್ರತಿಯೇ ಸೋರಿ ಜಗತ್ತೆಲ್ಲ ಹರಡಿ, ಸಿ.ಡಿ.ಗಳಲ್ಲಿ ಊರೂರಿಗೆ ಬಂತು.

2007ರ ವಿಸ್ತಾದಲ್ಲಿ ಬೀಗ ಇನ್ನೂ ಬಿಗಿಯಾಯಿತು, ಮರುವರ್ಷವೇ ಸಡಿಲವಾಯಿತು. 2009ರ ವಿಂಡೋಸ್ 7 ಪರದೆಯನ್ನು ಕಪ್ಪು ಮಾಡಿ 'ಇದು ಅಸಲಿಯಲ್ಲ' ಅಂತ ಬೈಯುತ್ತಿತ್ತು. 2015ರ ವಿಂಡೋಸ್ 10ರ ಹೊತ್ತಿಗೆ ಮೂಲೆಯ ಬೂದಿ ಅಕ್ಷರ, ಗೋಡೆಚಿತ್ರ ಬದಲಿಸಲು ಅಡ್ಡಿ, ಇಷ್ಟೇ ಉಳಿಯಿತು. ಬೀಗ ಹಾಕುವುದನ್ನು ಕಲಿತವರು ಬೀಗವನ್ನು ಯಾಕೆ ಸಡಿಲಿಸಿದರು? ಬಡವರ ಮೇಲಿನ ಪ್ರೀತಿಯಿಂದಲೇ?

ಉತ್ತರ ಗೇಟ್ಸ್ ಬಾಯಿಂದಲೇ ಬಂದಿತ್ತು. 1998ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಚೀನಾದ ಬಗ್ಗೆ ಮಾತಾಡುತ್ತಾ ಆತ ಹೇಳಿದ್ದರ ಸಾರಾಂಶ ಹೀಗೆ: ಹೇಗೂ ಕದಿಯುವುದಾದರೆ ನಮ್ಮದನ್ನೇ ಕದಿಯಲಿ, ಅದಕ್ಕೇ ಚಟ ಹತ್ತಲಿ, ವಸೂಲಿ ಹೇಗೆಂದು ಮುಂದಿನ ದಶಕದಲ್ಲಿ ನೋಡಿಕೊಳ್ಳೋಣ. ಸಾಲ ಕೊಟ್ಟು ತಲೆಮಾರಿಗೆ ಜೀತಕ್ಕೆ ಇಟ್ಟುಕೊಂಡ ಧಣಿಯ ಲೆಕ್ಕ ಇದಕ್ಕಿಂತ ಬೇರೆ ಏನಿತ್ತು?

ದಕ್ಷಿಣ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಎರಡು ಬಗೆಯ ಗೇಣಿ ಇತ್ತು. ಮೂಲಗೇಣಿ ಅಂದರೆ ಶಾಶ್ವತ; ಚಾಲಗೇಣಿ ಅಂದರೆ ಧಣಿಯ ಮರ್ಜಿ ಇರುವಷ್ಟು ದಿನ. ಚಾಲಗೇಣಿಯವ ಗುಡ್ಡ ಕಡಿದು ಗದ್ದೆ ಮಾಡಿದರೂ, ಅಡಿಕೆ ನೆಟ್ಟರೂ, 'ಏಳು' ಅಂದರೆ ಏಳಬೇಕು. 1974ರ ಮಾರ್ಚ್ 1ರಂದು ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು, ಗೇಣಿದಾರರು ಡಿಕ್ಲರೇಷನ್ ಕೊಟ್ಟು ಟ್ರಿಬ್ಯುನಲ್ಲಿನ ಮುಂದೆ ನಿಂತು ಭೂಮಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಆದರೆ ಗೇಣಿಚೀಟಿಯೂ ಇಲ್ಲದ, ಧಣಿಯ ಮನೆಯ ಮೂಲದಾಳಾಗಿದ್ದ ದಲಿತ ಯಾವ ಕಾಗದ ಹಿಡಿದು ಅಲ್ಲಿ ನಿಲ್ಲಬೇಕಿತ್ತು? ಅವನಿಗಾಗಿ ಇಟ್ಟ ಡಿ.ಸಿ. ಮನ್ನಾ ಭೂಮಿಗಾಗಿ ಈಗಲೂ ಹೋರಾಟ ನಡೆದೇ ಇದೆ. ಇತ್ತ ವರ್ಗದ ಜಮೀನಿನವರು ಪಕ್ಕದ ಸರಕಾರಿ ಕುಮ್ಕಿಯಲ್ಲಿ ತೋಟ ಮಾಡಿದರೆ ಅದು 'ಅನುಭೋಗ'. ದಲಿತ ಒಂದು ಗುಡಿಸಲು ಕಟ್ಟಿದರೆ ಅದು 'ಒತ್ತುವರಿ'!

ಆಕ್ಟಿವೇಟ್ ಮಾಡದ ವಿಂಡೋಸ್ ಈ ಕಾಲದ ಚಾಲಗೇಣಿ. ಬಿಟ್ಟಷ್ಟು ದಿನ ಉಳಬಹುದು, ಖಾತೆ ಮಾತ್ರ ನಮ್ಮದಲ್ಲ. ಇನ್ನೊಂದನ್ನೂ ಬೇರೆ ಮಾಡಿ ನೋಡಬೇಕು. ಆಕ್ಟಿವೇಟ್ ಮಾಡದೆ ಬಿಡುವುದು ಒಂದು, ಎಲ್ಲಿಂದಲೋ ತಂದ 'ಕ್ರ್ಯಾಕ್' ಹಾಕಿ ಬೀಗ ಮುರಿಯುವುದು ಇನ್ನೊಂದು. ಎರಡೂ ಕರಾರಿಗೆ ವಿರುದ್ಧವೇ. ಆದರೆ ಎರಡನೆಯದರಲ್ಲಿ ಕೀಲಿ ಮಾಡಿಕೊಟ್ಟವನು ಯಾರೆಂದೇ ಗೊತ್ತಿರುವುದಿಲ್ಲ. ಅವನು ನಮ್ಮ ಮನೆಯೊಳಗೇ ಕೂತಿರಬಹುದು.

ಹಾಗಾದರೆ ದುಡ್ಡು ಕೊಟ್ಟು ಕೊಳ್ಳಿ ಅಂತೀರಾ? ಲೆಕ್ಕ ಹಾಕೋಣ. 2015ರಲ್ಲಿ ವಿಂಡೋಸ್ 10 ಹೋಮ್ ಬೆಲೆ 7,999 ರೂಪಾಯಿ. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 204. ಅಂದರೆ ನಲವತ್ತು ದಿನದ ಕೂಲಿ. ನೂರು ದಿನದ ಖಾತರಿಯಲ್ಲಿ ನಲವತ್ತು ದಿನ ಒಂದು ಬೀಗ ತೆಗೆಸುವುದಕ್ಕೇ! ಈ ಲೆಕ್ಕ ಮುಚ್ಚಿಟ್ಟು ಬಡವರನ್ನು ಕಳ್ಳರೆಂದು ಕರೆಯುವವರ ಜೊತೆ ನಾವಿಲ್ಲ. ತಂತ್ರಾಂಶ ಕಂಪನಿಗಳ ಸಂಘವಾದ ಬಿಎಸ್‌ಎ ಮಾಡಿಸಿದ ಲೆಕ್ಕದಲ್ಲೇ 2017ರಲ್ಲಿ ಭಾರತದ ಕಂಪ್ಯೂಟರುಗಳಿಗೆ ಹಾಕಿದ ತಂತ್ರಾಂಶದ ನೂರಕ್ಕೆ 56 ಪಾಲು ಪರವಾನಗಿ ಇಲ್ಲದ್ದು. ದೇಶದ ಅರ್ಧಕ್ಕಿಂತ ಹೆಚ್ಚು ಕಳ್ಳತನವಾದರೆ, ಕೇಡು ಇರುವುದು ಬೆಲೆಯಲ್ಲೋ ಜನರಲ್ಲೋ?

ಕನ್ನಡದ ಪಾಲೂ ಇದರಲ್ಲಿ ಉಂಟು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಮಾಡಿ ಯಾರೂ ಬಳಸಲಿ ಎಂದು ಬಿಟ್ಟುಕೊಟ್ಟರು. ಅದನ್ನೇ ಆಧರಿಸಿದ ನುಡಿಯನ್ನು ಕನ್ನಡ ಗಣಕ ಪರಿಷತ್ತು ರೂಪಿಸಿತು, ಸರಕಾರ ಉಚಿತವಾಗಿ ಹಂಚಿತು. ಆದರೆ ನುಡಿ ಓಡಿದ್ದು ವಿಂಡೋಸಿನ ಮೇಲೆ. ಅಕ್ಷರ ಧರ್ಮಕ್ಕೆ, ಅಕ್ಷರ ಇಡುವ ಹಲಗೆ ಗೇಣಿಗೆ! ಕನ್ನಡದಲ್ಲಿ ಅರ್ಜಿ ಬರೆಯಬೇಕಾದ ಬಡವ ನಕಲು ಪ್ರತಿ ಹಾಕಿಸದೆ ಇನ್ನೇನು ಮಾಡಬೇಕಿತ್ತು? ಎಪ್ಪತ್ತರ ದಶಕದಲ್ಲಿ ನಮ್ಮ ಹಿರಿಯರು ಸಣ್ಣ ಪ್ರೆಸ್ಸುಗಳಲ್ಲಿ ಪತ್ರಿಕೆ ಅಚ್ಚು ಹಾಕಿಸಿದಾಗ ಸೀಸದ ಮೊಳೆಗಳು ಪ್ರೆಸ್ಸಿನವನ ಸ್ವಂತದ್ದು. ಮಾರಿದ ಫೌಂಡ್ರಿಯವನು ಮೂವತ್ತು ದಿನಕ್ಕೊಮ್ಮೆ ಬಂದು ಪರವಾನಗಿ ಎಲ್ಲಿ ಅಂತ ಕೇಳುತ್ತಿರಲಿಲ್ಲ.

ಅಷ್ಟಕ್ಕೂ ಏನು ಆಗ್ತದೆ, ಯಾರು ಹಿಡೀತಾರೆ ಅನ್ನುವವರಿಗೆ ರಷ್ಯಾದ ಎರಡು ಘಟನೆ ಹೇಳಬೇಕು. ಪೆರ್ಮ್ ಪ್ರಾಂತದ ಸೆಪಿಚ್ ಎಂಬ ಹಳ್ಳಿಯ ಹೆಡ್‌ಮೇಷ್ಟ್ರು ಅಲೆಕ್ಸಾಂಡರ್ ಪೊನೊಸೊವ್. ಶಾಲೆಗೆ ಬಂದ ಹನ್ನೆರಡು ಕಂಪ್ಯೂಟರಿನಲ್ಲಿ ಪರವಾನಗಿಯಿಲ್ಲದ ವಿಂಡೋಸ್ ಇತ್ತೆಂದು ಅವರ ಮೇಲೆ ಕ್ರಿಮಿನಲ್ ಕೇಸು. ಮಿಶನ್ನುಗಳು ಬರುವಾಗಲೇ ಹಾಗೆ ಬಂದದ್ದು ಎಂದು ಅವರು ಹೇಳಿದರು. ಸಾಕ್ಷಾತ್ ಗೊರ್ಬಚೇವ್ ಗೇಟ್ಸ್‌ಗೆ ಬಹಿರಂಗ ಪತ್ರ ಬರೆದರು. ಆದರೂ 2007ರ ಮೇ ತಿಂಗಳಲ್ಲಿ 5,000 ರೂಬಲ್ ದಂಡ ಬಿತ್ತು. 2008ರ ಡಿಸೆಂಬರಿನಲ್ಲಷ್ಟೇ ಖುಲಾಸೆ. ಒಂದು ಹಳ್ಳಿಯ ಮೇಷ್ಟ್ರಿಗೆ ಎರಡು ವರ್ಷ ಕೋರ್ಟು ಅಲೆದಾಟ. ಎರಡನೆಯದು 2010ರ ಜನವರಿ. ಬೈಕಲ್ ಸರೋವರದ ದಡದಲ್ಲಿ ಕಾಗದದ ಕಾರ್ಖಾನೆ ಮತ್ತೆ ತೆರೆಯುವುದನ್ನು ವಿರೋಧಿಸುತ್ತಿದ್ದ ಪರಿಸರ ಸಂಘಟನೆಯ ಕಚೇರಿಗೆ ಪೊಲೀಸರು ನುಗ್ಗಿ, ಕಳ್ಳ ತಂತ್ರಾಂಶದ ನೆಪದಲ್ಲಿ ಕಂಪ್ಯೂಟರುಗಳನ್ನು ಹೊತ್ತೊಯ್ದರು. ನಮ್ಮದು ದುಡ್ಡು ಕೊಟ್ಟು ಕೊಂಡದ್ದು ಎಂದು ಸಂಘಟನೆಯವರು ಹೇಳಿದ್ದನ್ನು ಕೇಳುವವರಿರಲಿಲ್ಲ. ಸುದ್ದಿ ಜಗತ್ತಿಗೆ ಗೊತ್ತಾದ ಮೇಲೆ ಮೈಕ್ರೋಸಾಫ್ಟ್ ಅಂಥ ಸಂಘಟನೆಗಳಿಗೆ ಉಚಿತ ಪರವಾನಗಿ ಘೋಷಿಸಿತು. ಪಾಠ ಇಷ್ಟೇ: ಪ್ರಭುತ್ವಕ್ಕೆ ನೆಪ ಬೇಕಾದಾಗ ಮೂಲೆಯ ಬೂದಿ ಅಕ್ಷರವೂ ವಾರಂಟಾಗುತ್ತದೆ. ಹೋರಾಟಗಾರ ಗೆಳೆಯರು ಇದನ್ನು ನೆನಪಿಡಬೇಕು.

ಇನ್ನು ದಾರಿ. ಅದನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಬೆಟ್ಟಂಪಾಡಿಯಿಂದ ಪಾಣಾಜೆಯ ಕಡೆ ಹೋದರೆ ಕೇರಳದ ಗಡಿ. ಆಚೆ ಸ್ವರ್ಗ, ಪೆರ್ಲ. ಅದೇ ಅಡಿಕೆ ತೋಟ, ಅದೇ ತುಳು, ಕನ್ನಡ ಮಾಧ್ಯಮದ ಶಾಲೆಗಳು. ಕೇರಳ 2001ರಲ್ಲಿ ಶಾಲೆಗಳಿಗಾಗಿ ಐಟಿ@ಸ್ಕೂಲ್ ಯೋಜನೆ ತಂದಾಗ ಪಾಠ ಮೊದಲು ವಿಂಡೋಸಿನದೇ ಆಗಿತ್ತು. ಮಕ್ಕಳಿಗೆ ಒಂದು ಕಂಪನಿಯ ಸರಕನ್ನು ಯಾಕೆ ಕಲಿಸಬೇಕು ಎಂದು ಶಿಕ್ಷಕರ ಸಂಘಟನೆ ಎದ್ದುನಿಂತಿತು. ಅದೇ 2001ರ ಜುಲೈಯಲ್ಲಿ ರಿಚರ್ಡ್ ಸ್ಟಾಲ್ಮನ್ ತಿರುವನಂತಪುರಕ್ಕೆ ಬಂದಿದ್ದರು. ಯಾರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶಕ್ಕಾಗಿ 1983ರಲ್ಲಿ ಗ್ನೂ ಯೋಜನೆ ಶುರು ಮಾಡಿದವರು ಅವರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಅದಕ್ಕೆ ಸೇರಿ ಇಡೀ ಆಪರೇಟಿಂಗ್ ಸಿಸ್ಟಂ ಆಯಿತು. 2001ರಲ್ಲಿ ಶುರುವಾದ ಆ ದಶಕ ಮುಗಿಯುವುದರೊಳಗೆ ಕೇರಳದ ಸರಕಾರಿ ಹೈಸ್ಕೂಲುಗಳ ಐಟಿ ಪಾಠ, ಪರೀಕ್ಷೆ ಎರಡೂ ಅದರ ಮೇಲೆಯೇ ನಡೆಯತೊಡಗಿದವು. 2017ರಲ್ಲಿ ಯೋಜನೆ 'ಕೈಟ್' ಎಂಬ ಸಂಸ್ಥೆಯಾಯಿತು. ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರಿನಲ್ಲಿ ಇದನ್ನು ಬಳಸಿ 3,000 ಕೋಟಿ ರೂಪಾಯಿ ಉಳಿಸುತ್ತೇವೆ ಎಂದು 2019ರಲ್ಲಿ ಆ ಸಂಸ್ಥೆಯೇ ಹೇಳಿತು. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳಿಗೆ ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಉಂಟು. ಅವರ ಪರದೆಯ ಮೂಲೆಯಲ್ಲಿ ಯಾವ ಚೀಟಿಯೂ ಇಲ್ಲ.

ಕೇರಳ ಸ್ವರ್ಗವೆಂದು ನಾವು ಹೇಳುತ್ತಿಲ್ಲ. 2017ರಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದನ್ನು ಮರೆತಿಲ್ಲ. ಆದರೆ ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು. ಕರ್ನಾಟಕದಲ್ಲೂ ಪ್ರಯತ್ನ ಆಗಲಿಲ್ಲವೆಂದಲ್ಲ. 2011ರ ಸುಮಾರಿಗೆ ಸರಕಾರಿ ಹೈಸ್ಕೂಲು ಶಿಕ್ಷಕರ ವಿಷಯ ವೇದಿಕೆಯ ತರಬೇತಿ ಉಬುಂಟು ಮೇಲೆ ನಡೆಯಿತು. ಬೆಂಗಳೂರಿನ ಸುದರ್ಶನ ಲೇಔಟಿನ ಕೊಳೆಗೇರಿಯಲ್ಲಿ ಮುಕ್ತ ತಂತ್ರಾಂಶ ಚಳವಳಿಯ ಕಾರ್ಯಕರ್ತರು ಹಳೆಯ ಕಂಪ್ಯೂಟರುಗಳನ್ನು ಜೋಡಿಸಿ ಮಕ್ಕಳಿಗೆ ಕಲಿಸಿದರು. ಆ ಕೇಂದ್ರಕ್ಕೆ ಇಟ್ಟ ಹೆಸರು ಅಂಬೇಡ್ಕರರದ್ದು. ಕೂಲಿಯವರ ಮಕ್ಕಳು ಅಲ್ಲಿ ಯಾರ ಬೀಗಕ್ಕೂ ಕಾಯದೆ ಚಿತ್ರ ಬರೆದರು, ಅಕ್ಷರ ಕಲಿತರು.

ತೊಡಕು ಇಲ್ಲವೇ? ಉಂಟು. ಹಳೆಯ ನುಡಿ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಕೆಲವು ಪ್ರಿಂಟರು, ಬೆರಳಚ್ಚು ಯಂತ್ರ, ಸರಕಾರಿ ಕೆಲಸದ ಕೆಲವು ತಂತ್ರಾಂಶ ವಿಂಡೋಸನ್ನೇ ಕೇಳುತ್ತವೆ. ಅಂಗಡಿಯವನಿಗೆ ಹೊಟ್ಟೆಪಾಡು, ಅವನನ್ನು ಬೈದು ಪ್ರಯೋಜನವಿಲ್ಲ, ಕೇಳಬೇಕಾದದ್ದು ಸರಕಾರವನ್ನು. ಆದರೆ ಶಾಲೆಯ ಪಾಠ, ಸಂಘದ ಕರಪತ್ರ, ಪತ್ರಿಕೆಯ ಪುಟ, ಇವಕ್ಕೆ ತಡೆ ಏನೂ ಇಲ್ಲ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಲಿನಕ್ಸಿನಲ್ಲೇ ಉಂಟು. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಗಳು ಮುಕ್ತವಾಗಿ ಸಿಗುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ದುರಸ್ತಿಯನ್ನು ಕಂಪನಿ ನಿಲ್ಲಿಸಿತು. ವಿಂಡೋಸ್ 11 ಹಿಡಿಸದ ಹಳೆಯ ಮಿಶನ್ನುಗಳು ಗುಜರಿಯ ದಾರಿ ನೋಡುತ್ತಿವೆ. ಅವನ್ನು ಬಿಸಾಡಬೇಡಿ. ಲಿನಕ್ಸ್ ಹಾಕಿ ಒಬ್ಬ ಹುಡುಗಿಯ ಮುಂದೆ ಇಡಿ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಇಳಿದದ್ದು ಬಾಯಾರಿಕೆಗಾಗಿ ಅಲ್ಲ. ಬರೀ ನೀರು ಬೇಕಿದ್ದರೆ ಯಾರೂ ನೋಡದ ರಾತ್ರಿಯಲ್ಲಿ ತುಂಬಿಕೊಳ್ಳಬಹುದಿತ್ತು. ಅವರು ಹಾಡುಹಗಲಿನಲ್ಲಿ, ಸಾವಿರಾರು ಜನರ ಜೊತೆ, ಇದು ನಮ್ಮ ಹಕ್ಕು ಎಂದು ಕುಡಿದರು. ನಕಲು ವಿಂಡೋಸಿನಲ್ಲಿ ಬರೆಯುವುದು ರಾತ್ರಿಯ ನೀರು. ಬಾಯಾರಿಕೆ ಅದರಿಂದಲೂ ತೀರುತ್ತದೆ. ಆದರೆ ಕೆರೆ ನಮ್ಮದಾಗುವುದಿಲ್ಲ.

ಈ ಪತ್ರಿಕೆಯ ಪುಟಗಳನ್ನು ಇನ್ನು ಮುಂದೆ ಲಿನಕ್ಸಿನಲ್ಲೇ ಜೋಡಿಸುವುದೆಂದು ನಾವು ನಿರ್ಧರಿಸಿದ್ದೇವೆ. ಅಲ್ಲಲ್ಲಿ ಒತ್ತಕ್ಷರ ತಪ್ಪಿದರೆ ಓದುಗರು ಮನ್ನಿಸಬೇಕು. ತಪ್ಪಾದರೂ ಅಕ್ಷರ ನಮ್ಮ ಖಾತೆಯದ್ದು.