ಝಡ್-ಮಷೀನಿನ 97 ಸ್ಥಾನಗಳು ಮತ್ತು ಮುಡಬಿಯ ಅಗಸಿ: ಒಂದು ತಪ್ಪು ತೀರ್ಮಾನದ ಮರುಪರಿಶೀಲನೆ

ಟೆಕ್ಸ್ಟ್ ಅಡ್ವೆಂಚರ್ ಆಟಗಳ ಚರಿತ್ರೆಯಲ್ಲಿ ಒಂದು ಮಾತು ಪರೀಕ್ಷೆಗೆ ಒಳಗಾಗದೆ ಉಳಿದುಕೊಂಡಿದೆ. ಇನ್ಫೋಕಾಮ್ ಕಂಪನಿಗಾಗಿ ಜೋಯೆಲ್ ಬೆರೆಜ್ ಮತ್ತು ಮಾರ್ಕ್ ಬ್ಲಾಂಕ್ 1979ರಲ್ಲಿ ರೂಪಿಸಿದ ಝಡ್-ಮಷೀನ್ ಎಂಬ ಕಾಲ್ಪನಿಕ ಯಂತ್ರ ರೋಮನ್ ಲಿಪಿಗೆ ಕಟ್ಟುಬಿದ್ದದ್ದು, ಅದನ್ನು ಕಂಪ್ಯೂಟರಿನಲ್ಲಿ ನಡೆಸುವ ಇಂಟರ್‌ಪ್ರಿಟರ್‌ಗಳಲ್ಲಿ ಕನ್ನಡದ ಆಟ ನಡೆಯಲಾರದು ಎಂಬುದೇ ಆ ಮಾತು. ಇದಕ್ಕೆ ಕೊಡುವ ಮುಖ್ಯ ಆಧಾರ ಒಂದೇ. ಆ ಯಂತ್ರದ ಅಕ್ಷರಸಂಕೇತಗಳು 255ರ ಆಚೆ ಹೋಗುವುದಿಲ್ಲ; ಇಂಗ್ಲಿಷಿನಾಚೆಯ ಅಕ್ಷರಗಳಿಗೆಂದು ಇರುವ 155ರಿಂದ 223ರವರೆಗಿನ ಸ್ಥಾನಗಳನ್ನು ಜರ್ಮನ್, ಫ್ರೆಂಚ್ ಮೊದಲಾದ ಯುರೋಪಿನ ಭಾಷೆಗಳೇ ತುಂಬಿಕೊಂಡಿವೆ. ಕೋಷ್ಟಕ ನಿಜ. ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು.

ಗ್ರಹಾಂ ನೆಲ್ಸನ್ ಸಿದ್ಧಪಡಿಸಿದ ಝಡ್-ಮಷೀನ್ ಸ್ಟ್ಯಾಂಡರ್ಡಿನ 1997ರ 1.0 ಆವೃತ್ತಿಯನ್ನು ಪೂರ್ತಿ ಓದಿದವರಿಗೆ ಈ ಗೊಂದಲ ಉಳಿಯಬಾರದಿತ್ತು. ಆ ಯುರೋಪಿನ ಕೋಷ್ಟಕ ಬೇರೇನೂ ಹೇಳದಿದ್ದಾಗ ಬಳಸಬೇಕಾದದ್ದು ಅಷ್ಟೆ. ಯಂತ್ರದ 5ನೇ ಆವೃತ್ತಿಯಿಂದ ಈಚಿನ ಸ್ಟೋರಿ ಫೈಲ್, ಅಂದರೆ ಆಟವನ್ನು ಹೊತ್ತ ಕಡತ, ತನ್ನದೇ ಯುನಿಕೋಡ್ ಕೋಷ್ಟಕವನ್ನು ಹೊತ್ತು ತರಬಹುದು: ಮೊದಲ ಬೈಟಿನಲ್ಲಿ ಅಕ್ಷರಗಳ ಸಂಖ್ಯೆ, ಆಮೇಲೆ ಒಂದೊಂದಕ್ಕೆ 2 ಬೈಟ್. ವ್ಯಾಪ್ತಿ 155ರಿಂದ 251, ಅಂದರೆ 97 ಸ್ಥಾನ. ಯುನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳಲ್ಲಿ ತುಂಬಿರುವವು ತೊಂಬತ್ತರ ಆಸುಪಾಸು. ಒತ್ತಕ್ಷರ ಕೂಡಿಸುವ, ಬಿಡಿಸುವ ಎರಡು ಅಗೋಚರ ಚಿಹ್ನೆಗಳನ್ನು ಸೇರಿಸಿದರೂ ಲೆಕ್ಕ 97ರೊಳಗೇ ಮುಗಿಯುತ್ತದೆ. ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಇಸ್ಕಿ ಸಂಕೇತವೂ 1991ರ ರೂಪದಲ್ಲಿ 161ರಿಂದ 250ರೊಳಗೆ ಭಾರತೀಯ ಲಿಪಿಗಳನ್ನು ಕೂರಿಸಿತ್ತು. ಯುನಿಕೋಡಿನ ಕನ್ನಡ ಜೋಡಣೆ ಹುಟ್ಟಿದ್ದೇ ಅದರ 1988ರ ರೂಪದಿಂದ. ಒಂದು ಬೈಟಿನ ಮೇಲರ್ಧ ಕನ್ನಡಕ್ಕೆ ಸಾಕೆಂದು ಭಾರತದ ಎಂಜಿನಿಯರುಗಳು ತೋರಿಸಿಕೊಟ್ಟ ಮೇಲೂ ‘ಜಾಗ ಸಾಲದು’ ಎಂಬ ವಾದವನ್ನು ಎತ್ತುವುದು ನಮ್ಮವರ ಕೆಲಸವನ್ನೇ ಮರೆತಂತೆ. ಈ ಸಂಕೇತಗಳು ಪರದೆಗೂ ಸಲ್ಲುತ್ತವೆ, ಕೀಲಿಮಣೆಗೂ ಸಲ್ಲುತ್ತವೆ. ಕನ್ನಡವನ್ನು ತೋರಿಸಬಹುದು, ಆಟಗಾರ ಬರೆದದ್ದನ್ನು ಓದಿಕೊಳ್ಳಲಾಗದು ಎನ್ನುವವರು ಇದನ್ನು ಗಮನಿಸಬೇಕು.

ನಿಜವಾದ ತೊಡಕು ಬೇರೆ ಕಡೆ ಇದೆ. ಅದನ್ನು ಯಾರೂ ಚರ್ಚಿಸಿದಂತಿಲ್ಲ. ಯಂತ್ರದ ಪದಕೋಶದಲ್ಲಿ ಒಂದು ಪದಕ್ಕೆ ದೊರೆಯುವುದು 5 ಬಿಟ್‌ಗಳ 9 ತುಂಡು. ಅಕ್ಷರಮಾಲೆಯಲ್ಲಿಲ್ಲದ ಒಂದೊಂದು ಅಕ್ಷರವೂ 4 ತುಂಡು ತಿನ್ನುತ್ತದೆ. ಬಸವಕಲ್ಯಾಣ ತಾಲ್ಲೂಕಿನ ಮುಡಬಿಯಂಥ ಊರಿನ ಅಗಸಿಯಲ್ಲಿ ಆಟ ಶುರುವಾಗುತ್ತದೆ ಅನ್ನೋಣ. ಆಟಗಾರ ‘ಅಗಳಿ ತೆಗೆ’ ಎಂದು ಬರೆಯುತ್ತಾನೆ. ‘ಅ’ಗೆ 4, ‘ಗ’ಗೆ 4, ಉಳಿದ ಒಂದು ತುಂಡಿನಲ್ಲಿ ‘ಳ’ ಹಿಡಿಯುವುದಿಲ್ಲ. ಹೀಗಾಗಿ ಊರಬಾಗಿಲಾದ ಅಗಸಿಯೂ ಅದಕ್ಕೆ ಹಾಕಿದ ಅಗಳಿಯೂ ಯಂತ್ರದ ಕಣ್ಣಿಗೆ ಒಂದೇ ಪದ. ಬಾವಿ, ಬಾಗಿಲು, ಬಾಳೆಗಳದೂ ಇದೇ ಪಾಡು.

ಪರಿಹಾರವೂ ಅದೇ ಸ್ಟ್ಯಾಂಡರ್ಡಿನಲ್ಲಿದೆ. ಸ್ಟೋರಿ ಫೈಲ್ ತನ್ನದೇ ಅಕ್ಷರಮಾಲೆಯನ್ನೂ ಕೊಡಬಹುದು: 26ರಂತೆ 3 ಸಾಲು, ಕೊನೆಯ ಸಾಲಿನಲ್ಲಿ 2 ಸ್ಥಾನ ಯಂತ್ರಕ್ಕೇ ಮೀಸಲು. ಮೊದಲ ಸಾಲಿನ ಅಕ್ಷರಕ್ಕೆ 1 ತುಂಡು, ಉಳಿದ ಸಾಲುಗಳವಕ್ಕೆ 2. ಗ, ಸ, ಳ ಮತ್ತು ಗುಡಿಸನ್ನು ಮೊದಲ ಸಾಲಿಗೆ, ‘ಅ’ವನ್ನು ಎರಡನೆಯದಕ್ಕೆ ಹಾಕಿದರೆ ಅಗಸಿ, ಅಗಳಿ ಎರಡೂ 5 ತುಂಡಿನಲ್ಲಿ ಮುಗಿದು ಬೇರೆಬೇರೆಯಾಗಿ ಉಳಿಯುತ್ತವೆ. ಬೇಕಾದ ಅಕ್ಷರಗಳೆಲ್ಲ ಮೊದಲ ಸಾಲಿನಲ್ಲಿದ್ದರೆ ‘ಬಾಗಿಲನ್ನು’ ಕೂಡ ಸರಿಯಾಗಿ 9 ತುಂಡಿನಲ್ಲಿ ಹಿಡಿಯುತ್ತದೆ.

ಕ್ರಿಯಾಪದ ಕೊನೆಗೆ ಬರುವುದರಿಂದ ಕನ್ನಡ ಒಗ್ಗದು ಎಂಬ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ಇಂಟರ್‌ಪ್ರಿಟರ್ ಸಾಲನ್ನು ಪದಗಳಾಗಿ ಒಡೆದು ಪದಕೋಶದಲ್ಲಿ ಹುಡುಕುತ್ತದೆ, ಅಷ್ಟೆ. ವಾಕ್ಯದ ಅರ್ಥ ಬಿಡಿಸುವ ಪಾರ್ಸರ್ ಇರುವುದು ಸ್ಟೋರಿ ಫೈಲಿನೊಳಗೆ. ನೆಲ್ಸನ್ 1993ರಲ್ಲಿ ಹೊರತಂದ ಇನ್‌ಫಾರ್ಮ್ ವ್ಯವಸ್ಥೆಯ ಇಂದಿನ ಲೈಬ್ರರಿಯಲ್ಲಿ ಆಟಗಾರನ ಸಾಲನ್ನು ಪಾರ್ಸರ್ ಮುಟ್ಟುವ ಮೊದಲೇ ತಿರುಗಿಸಿಕೊಳ್ಳಲು ಭಾಷಾವಾರು ರೂಟೀನ್ ಉಂಟು.

ಎದುರು ಪಕ್ಷಕ್ಕೆ ಎರಡು ಅಂಶ ಬಿಟ್ಟುಕೊಡಬೇಕು. ಇನ್ಫೋಕಾಮಿನ ಸ್ವಂತ ಇಂಟರ್‌ಪ್ರಿಟರ್‌ಗಳಿಗೆ ಅವರ ಮಾತು ಪೂರ್ತಿ ಸಲ್ಲುತ್ತದೆ. ಅಕ್ಷರಕ್ಕೊಂದು ಸಮಚೌಕಟ್ಟು ಕೊಡುವ ಡಾಸ್ ಕಾಲದ ಫ್ರಾಟ್ಜ್‌ನಂಥವುಗಳಲ್ಲಿ ಒತ್ತಕ್ಷರ ಕೂಡುವುದಿಲ್ಲ. ಬ್ರೌಸರಿನಲ್ಲಿ ನಡೆಯುವ ಪಾರ್ಚ್‌ಮೆಂಟ್‌ನಲ್ಲಾದರೆ ಆ ಕೆಲಸ ಬ್ರೌಸರಿನದು. ಆಂಡ್ರೂ ಪ್ಲಾಟ್ಕಿನ್ 1999ರಲ್ಲಿ ತಂದ ಹೊಸ ಯಂತ್ರವಾದ ಗ್ಲಲ್ಕ್ಸ್‌ನಲ್ಲಿ ಪದದ ಉದ್ದವನ್ನು ಹಿಗ್ಗಿಸಬಹುದು, ಅಲ್ಲಿ ಕನ್ನಡದ ದಾರಿ ಸಲೀಸು. ಆದರೆ ಚರಿತ್ರೆಯ ಪ್ರಶ್ನೆ ಹಳೆಯ ಯಂತ್ರದ್ದು. 1997ರ ನಂತರ ಅದರ ಬಾಗಿಲು ಕನ್ನಡಕ್ಕೆ ಮುಚ್ಚಿರಲಿಲ್ಲ.

ಮೊದಲ ಸಾಲಿನ 26 ಅಕ್ಷರಗಳನ್ನು ಆರಿಸಲು ಬಳಕೆಯ ಎಣಿಕೆ ಬೇಕು. ಬಸವಕಲ್ಯಾಣ, ಹುಮನಾಬಾದ್ ಕಡೆಯ ಆಡುಮಾತನ್ನು ಬರಹಕ್ಕಿಳಿಸಿ ಇಟ್ಟುಕೊಂಡ ಜಾನಪದ ಸಂಗ್ರಾಹಕರು ಆ ಎಣಿಕೆಗೆ ತಮ್ಮ ಸಂಗ್ರಹ ಕೊಡಬೇಕೆಂದು ಕೋರುತ್ತೇನೆ.