ಆಗಸ್ಟ್ 9ರ ಗೆರೆ

ವಿಜ್ಞಾನದ ಇತಿಹಾಸ ಓದುವಾಗ ನನ್ನ ಕಣ್ಣು ಮೊದಲು ಹೋಗುವುದು ಖರ್ಚಿನ ಲೆಕ್ಕದ ಕಡೆಗೆ. ದುಡ್ಡು ಯಾರದು ಎಂದು ಕೇಳಿದಾಗಲೇ ಜನರ ನಂಬಿಕೆಗಳು ಬಾಯಿಬಿಡುತ್ತವೆ.

1998ರಲ್ಲಿ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದ ಕಾಂಡಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಬೇರ್ಪಡಿಸಿ ಬೆಳೆಸಿದರು. ಐವಿಎಫ್ ಚಿಕಿತ್ಸೆಗೆಂದು ಸೃಷ್ಟಿಸಿದ, ಕೆಲವೇ ದಿನಗಳ ಭ್ರೂಣಗಳು ಅವು. ಕೋಶ ತೆಗೆದ ಮೇಲೆ ಭ್ರೂಣ ಉಳಿಯುವುದಿಲ್ಲ. ಆ ಕೆಲಸಕ್ಕೆ ಬಂದದ್ದು ಖಾಸಗಿ ಹಣ. ಏಕೆಂದರೆ ಭ್ರೂಣ ನಾಶವಾಗುವ ಸಂಶೋಧನೆಗೆ ಒಕ್ಕೂಟ ಸರ್ಕಾರದ ಹಣ ಕೂಡದೆಂಬ ಡಿಕಿ-ವಿಕರ್ ತಿದ್ದುಪಡಿ 1996ರಿಂದಲೇ ಅಮೆರಿಕದ ಬಜೆಟ್ಟಿಗೆ ಅಂಟಿಕೊಂಡಿತ್ತು. ಗಮನಿಸಿ, ಅದು ತಡೆದದ್ದು ಹಣವನ್ನು, ಸಂಶೋಧನೆಯನ್ನಲ್ಲ.

ಈ ಆಕ್ಷೇಪವನ್ನು ಬರೀ ಮಡಿವಂತಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಭ್ರೂಣವೂ ಮನುಷ್ಯಜೀವ ಎಂದು ನಂಬಿದವನ ತೆರಿಗೆಯನ್ನು ಅದರ ನಾಶಕ್ಕೆ ಬಳಸಿದರೆ, ಅವನನ್ನೂ ಅದರಲ್ಲಿ ಪಾಲುದಾರನನ್ನಾಗಿ ಮಾಡಿದಂತೆ ಎಂಬುದು ಅದರ ತಿರುಳು. ಯುದ್ಧ ಒಪ್ಪದವನ ತೆರಿಗೆಯೂ ಯುದ್ಧಕ್ಕೆ ಹೋಗುತ್ತದಲ್ಲ ಎಂದು ಕೇಳಬಹುದು. ನಾನೂ ಕೇಳುತ್ತೇನೆ. ಆದರೂ ಆ ಪ್ರಶ್ನೆ ಮೊದಲನೆಯದನ್ನು ಅಳಿಸುವುದಿಲ್ಲ.

2001ರ ಆಗಸ್ಟ್ 9ರ ರಾತ್ರಿ ಅಧ್ಯಕ್ಷ ಜಾರ್ಜ್ ಬುಷ್ ಟಿ.ವಿ.ಯಲ್ಲಿ ಒಂದು ಗೆರೆ ಎಳೆದರು. ಅಷ್ಟರೊಳಗೆ ಸಿದ್ಧವಾಗಿದ್ದ ಕೋಶಸಂತತಿಗಳ ಮೇಲಿನ ಅಧ್ಯಯನಕ್ಕೆ ಹಣ ಉಂಟು, ಮುಂದಿನವಕ್ಕೆ ಇಲ್ಲ. ಅವುಗಳ ಭ್ರೂಣ ಹೇಗೂ ಹೋಗಿಯಾಗಿದೆ ಎಂಬುದು ತರ್ಕ. ನೀತಿಗೆ ಒಂದು ತಾರೀಖು! ಕೆಲವೇ ದಿನಗಳಲ್ಲಿ ಬಂದ ಸರ್ಕಾರಿ ಪಟ್ಟಿಯಲ್ಲಿ ಅಂಥ 64 ಕೋಶಸಂತತಿಗಳಿದ್ದವು. ಅದನ್ನು ಓದುವಾಗ ನಾನು ನೆಟ್ಟಗೆ ಕೂತೆ: ಮುಂಬೈನ ರಿಲಯನ್ಸ್ ಲೈಫ್ ಸೈನ್ಸಸ್‌ನಲ್ಲಿ ಏಳು, ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ ಮೂರು. ಅಮೆರಿಕದ ತೆರಿಗೆದಾರನ ಆತ್ಮಸಾಕ್ಷಿಯ ಲೆಕ್ಕದಲ್ಲಿ ಜಿಕೆವಿಕೆ ಆವರಣಕ್ಕೂ ಒಂದು ಸಾಲು ಸಿಕ್ಕಿತ್ತು.

ಕೊನೆಗೆ ಸಂಶೋಧಕರ ಕೈಗೆ ಸಿಕ್ಕ ಕೋಶಸಂತತಿಗಳು ಇಪ್ಪತ್ತರ ಆಸುಪಾಸು. ಹೊಸ ಸಂತತಿ ಬೇಕೆಂದವರು ಖಾಸಗಿ ಹಣ ಹೊಂದಿಸಿ, ಸರ್ಕಾರಿ ದುಡ್ಡಿನ ಉಪಕರಣ ಮುಟ್ಟದಂತೆ ಎಲ್ಲವನ್ನೂ ಬೇರೆಯಾಗಿಯೇ ಇಡಬೇಕಾಯಿತು. ಸೂಕ್ಷ್ಮದರ್ಶಕಗಳಿಗೂ ಪಂಕ್ತಿಭೇದ.

2006ರ ಜುಲೈನಲ್ಲಿ ಗೆರೆ ಸಡಿಲಿಸುವ ಮಸೂದೆಯನ್ನು ಬುಷ್ ತಿರಸ್ಕರಿಸಿದರು, ಅಧ್ಯಕ್ಷರಾಗಿ ಅದು ಅವರ ಮೊದಲ ವೀಟೊ. ಅಂದು ಅವರ ಸುತ್ತ ಇದ್ದದ್ದು, ಬೇರೆ ದಂಪತಿಗಳು ಬಿಟ್ಟುಕೊಟ್ಟ ಶೀತಲ ಭ್ರೂಣಗಳಿಂದ ಹುಟ್ಟಿದ ಮಕ್ಕಳು. ‘ಹೇಗೂ ಎಸೆಯುವಂಥವು’ ಎಂಬ ವಾದಕ್ಕೆ ಅದಕ್ಕಿಂತ ಕಷ್ಟದ ಉತ್ತರ ನನಗೆ ಎಲ್ಲೂ ಸಿಕ್ಕಿಲ್ಲ.

2009ರ ಮಾರ್ಚ್ 9ರಂದು ಬರಾಕ್ ಒಬಾಮ ಆ ಗೆರೆ ಅಳಿಸಿದರು. ಎರಡೇ ದಿನ ಬಿಟ್ಟು ಅವರು ಸಹಿ ಹಾಕಿದ ಬಜೆಟ್ ಕಾಯ್ದೆಯೊಳಗೆ ಡಿಕಿ-ವಿಕರ್ ಹಾಗೇ ಕೂತಿತ್ತು.