ಏಬ್ಲೆಸ್ಕಿವರ್

ಏಬ್ಲೆಸ್ಕಿವರ್ ಡೆನ್ಮಾರ್ಕ್ ದೇಶದ ಸಾಂಪ್ರದಾಯಿಕ ಸಿಹಿ ತಿನಿಸು. ಗೋಧಿ ಹಿಟ್ಟು, ಮಜ್ಜಿಗೆ ಮತ್ತು ಮೊಟ್ಟೆಗಳಿಂದ ಮಾಡಿದ ಸಂಪಣವನ್ನು ಅರ್ಧಗೋಳಾಕಾರದ ಗುಳಿಗಳಿರುವ ಕಾವಲಿಗೆ ಹುಯ್ದು, ಬೇಯುತ್ತಿರುವಾಗಲೇ ಸ್ವಲ್ಪಸ್ವಲ್ಪವಾಗಿ ತಿರುಗಿಸುತ್ತ ಅದನ್ನು ಚೆಂಡಿನ ಆಕಾರಕ್ಕೆ ತರಲಾಗುತ್ತದೆ. ಹೊರಮೈ ತೆಳುವಾಗಿ ಗರಿಗರಿಯಾಗಿಯೂ ಒಳಭಾಗ ಹಗುರವಾಗಿ, ಸಣ್ಣ ಸಣ್ಣ ರಂಧ್ರಗಳಿಂದ ಕೂಡಿದ್ದಾಗಿಯೂ ಇರುತ್ತದೆ. ಡೆನ್ಮಾರ್ಕಿನಲ್ಲಿ ಇದು ಮುಖ್ಯವಾಗಿ ಚಳಿಗಾಲದ ತಿನಿಸು. ಕ್ರಿಸ್ಮಸ್‌ಗೆ ಮುಂಚಿನ ಅಡ್ವೆಂಟ್ ವಾರಗಳಲ್ಲಿ ಇದನ್ನು ಹಣ್ಣಿನ ಜಾಮ್ ಮತ್ತು ಪುಡಿ ಸಕ್ಕರೆಯೊಂದಿಗೆ ತಿನ್ನುತ್ತಾರೆ. ಕರ್ನಾಟಕದ ಪಡ್ಡನ್ನು ಬಲ್ಲವರಿಗೆ ಇದರ ಕಾವಲಿ ಅಪರಿಚಿತವೆನಿಸದು. ಆದರೆ ತಿರುಗಿಸುವ ಕ್ರಮ ಬೇರೆ. ಆ ಕಾರಣದಿಂದಲೇ ಆಕಾರವೂ ಬೇರೆ.

ಹೆಸರು

ಡ್ಯಾನಿಶ್ ಭಾಷೆಯಲ್ಲಿ ‘ಏಬ್ಲೆ’ ಎಂದರೆ ಸೇಬು, ‘ಸ್ಕಿವೆ’ ಎಂದರೆ ಹೋಳು ಅಥವಾ ಬಿಲ್ಲೆ. ಏಬ್ಲೆಸ್ಕಿವೆ ಎಂಬುದು ಏಕವಚನ, ಏಬ್ಲೆಸ್ಕಿವರ್ ಬಹುವಚನ. ಒಂದನ್ನೇ ತಿಂದು ಏಳುವವರು ವಿರಳವಾದ್ದರಿಂದ ಬಹುವಚನ ರೂಪವೇ ಹೆಚ್ಚು ಪ್ರಚಲಿತವಾಗಿದೆ. ಅಮೆರಿಕದಲ್ಲಿ ಇದಕ್ಕೆ ಇಂಗ್ಲಿಷಿನ ಬಹುವಚನ ಪ್ರತ್ಯಯವನ್ನೂ ಸೇರಿಸಿ ‘ಏಬ್ಲೆಸ್ಕಿವರ್ಸ್’ ಎನ್ನುವುದುಂಟು.

ಹೆಸರಿನ ಅರ್ಥ ‘ಸೇಬಿನ ಹೋಳುಗಳು’ ಎಂದಾದರೂ ಇಂದಿನ ಏಬ್ಲೆಸ್ಕಿವರ್‌ನಲ್ಲಿ ಸಾಮಾನ್ಯವಾಗಿ ಸೇಬು ಇರುವುದಿಲ್ಲ. ಹಿಂದೆ ಸೇಬಿನ ಹೋಳುಗಳನ್ನು ಸಂಪಣದಲ್ಲಿ ಅದ್ದಿ ಕರಿಯುತ್ತಿದ್ದರು, ಇಲ್ಲವೇ ಸೇಬಿನ ತುಂಡನ್ನು ಸಂಪಣದ ನಡುವೆ ಇಟ್ಟು ಬೇಯಿಸುತ್ತಿದ್ದರು. ಕಾಲಕ್ರಮದಲ್ಲಿ ಹಣ್ಣು ಬಿಟ್ಟುಹೋಗಿ ಹೆಸರು ಮಾತ್ರ ಉಳಿದುಕೊಂಡಿತು. ಈಗಲೂ ಕೆಲವು ಮನೆಗಳಲ್ಲಿ ಸಣ್ಣಗೆ ಹೆಚ್ಚಿದ ಸೇಬನ್ನೋ ಸೇಬಿನ ಗೊಜ್ಜನ್ನೋ ಒಳಗಿಡುವ ರೂಢಿಯಿದೆ.

ಹಿನ್ನೆಲೆ

ಯುದ್ಧದಿಂದ ಮರಳಿದ ವೈಕಿಂಗರು ಏಟು ತಿಂದು ತಗ್ಗುಬಿದ್ದ ತಮ್ಮ ಗುರಾಣಿಗಳನ್ನೇ ಬೆಂಕಿಯ ಮೇಲಿಟ್ಟು ಈ ತಿನಿಸನ್ನು ಮೊದಲು ಬೇಯಿಸಿದರೆಂಬ ಕಥೆ ಜನಪ್ರಿಯವಾಗಿದೆ. ಕಥೆ ಸೊಗಸಾಗಿದ್ದರೂ ನಂಬಲರ್ಹವಲ್ಲ. ವೈಕಿಂಗರ ಗುರಾಣಿಗಳು ಬಹುಪಾಲು ಮರದ ಹಲಗೆಗಳಿಂದ ಮಾಡಿದವು. ನಡುವಿನ ಗುಬುಟು ಮಾತ್ರ ಕಬ್ಬಿಣದ್ದು. ಅವುಗಳನ್ನು ಒಲೆಗೆ ಏರಿಸಿದರೆ ತಿನಿಸಿಗಿಂತ ಮೊದಲು ಗುರಾಣಿಯೇ ಸುಟ್ಟುಹೋಗುತ್ತಿತ್ತು.

ಹಳೆಯ ಕ್ರಮದಲ್ಲಿ ಸಂಪಣವನ್ನು ಉಬ್ಬಿಸಲು ಯೀಸ್ಟ್ ಬಳಸುತ್ತಿದ್ದರು. ಅಡಿಗೆ ಸೋಡಾ ಮತ್ತು ಬೇಕಿಂಗ್ ಪೌಡರ್ ಮನೆಮನೆಗೆ ತಲುಪಿದ್ದು 19ನೆಯ ಶತಮಾನದಲ್ಲಿ. ಆ ಬಳಿಕ ಸೋಡಾ ಮತ್ತು ಮಜ್ಜಿಗೆಯ ವಿಧಾನವು ಬಳಕೆಗೆ ಬಂದು, ಗಂಟೆಗಟ್ಟಲೆ ಕಾಯುವ ಅಗತ್ಯ ತಪ್ಪಿತು. ಯೀಸ್ಟಿನ ಕ್ರಮ ಇಂದಿಗೂ ಪೂರ್ತಿಯಾಗಿ ಮರೆಯಾಗಿಲ್ಲ. ಅದರ ಪರಿಮಳ ಬ್ರೆಡ್ಡಿನ ಪರಿಮಳಕ್ಕೆ ಸಮೀಪವಾದದ್ದು.

ಈಗ ಡೆನ್ಮಾರ್ಕಿನ ಅಂಗಡಿಗಳಲ್ಲಿ ಮೊದಲೇ ಬೇಯಿಸಿ ಹೆಪ್ಪುಗಟ್ಟಿಸಿದ ಏಬ್ಲೆಸ್ಕಿವರ್ ಚೀಲಗಳಲ್ಲಿ ದೊರೆಯುತ್ತವೆ. ಓವನ್‌ನಲ್ಲಿ ಬಿಸಿಮಾಡಿದರೆ ಸಾಕು. ಹೆಚ್ಚಿನ ಮನೆಗಳಲ್ಲಿ ಹಬ್ಬದ ಅವಸರದ ನಡುವೆ ಇವೇ ತಟ್ಟೆಗೆ ಬರುತ್ತವೆ. ಆದರೆ ಇವುಗಳಲ್ಲಿ ಅಂಚಿನ ಗರಿಗರಿತನವಾಗಲಿ, ಬೆಣ್ಣೆಯಲ್ಲಿ ಬೆಂದ ಹೊರಮೈಯ ಪರಿಮಳವಾಗಲಿ ಅಷ್ಟಾಗಿ ಇರುವುದಿಲ್ಲ. ಒಂದೊಂದನ್ನೂ ಕೈಯಾರೆ ತಿರುಗಿಸುವ ಕೌಶಲವೂ ಚೀಲದೊಡನೆ ಬರುವಂಥದಲ್ಲ. ಅದು ಕಾವಲಿಯ ಬಳಿ ನಿಂತು ನೋಡಿ ಕಲಿಯುವ ವಿದ್ಯೆ.

ಕಾವಲಿ

ಏಬ್ಲೆಸ್ಕಿವರ್ ಕಾವಲಿಯು ಹಿಡಿಕೆಯುಳ್ಳ ಗುಂಡನೆಯ ಪಾತ್ರೆ. ಸಾಮಾನ್ಯವಾಗಿ ಅದರಲ್ಲಿ 7 ಗುಳಿಗಳಿರುತ್ತವೆ: ನಡುವೆ ಒಂದು, ಸುತ್ತ ಆರು. 9 ಗುಳಿಗಳ ಕಾವಲಿಗಳೂ ಉಂಟು. ಸಾಂಪ್ರದಾಯಿಕ ಕಾವಲಿಗಳು ಎರಕದ ಕಬ್ಬಿಣದವು. ಹಳೆಯ ತಾಮ್ರದ ಕಾವಲಿಗಳನ್ನು ಕೆಲವರು ಅಡುಗೆಮನೆಯ ಗೋಡೆಗೆ ಅಲಂಕಾರವಾಗಿ ತೂಗುಹಾಕುತ್ತಾರೆ. ಅಲ್ಯೂಮಿನಿಯಂ ಮತ್ತು ಅಂಟದ ಲೇಪವಿರುವ ಕಾವಲಿಗಳು ಈಚಿನವು.

ಎರಕದ ಕಬ್ಬಿಣವು ನಿಧಾನವಾಗಿ ಕಾಯುತ್ತದೆ, ಆದರೆ ಕಾದ ಮೇಲೆ ತಣ್ಣನೆಯ ಸಂಪಣ ಬಿದ್ದರೂ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. ಚೆಂಡಿನ ಹೊರಮೈ ಕೂಡಲೇ ಗಟ್ಟಿಯಾಗಿ ನಿಲ್ಲಲು ಇದೇ ಕಾರಣ. ಹೊಸ ಕಬ್ಬಿಣದ ಕಾವಲಿಯನ್ನು ದೋಸೆಕಲ್ಲಿನಂತೆ ಎಣ್ಣೆ ಸವರಿ ಕಾಯಿಸಿ ಪಳಗಿಸಬೇಕಾಗುತ್ತದೆ; ಪಳಗದ ಗುಳಿಗೆ ಸಂಪಣ ಅಂಟಿಕೊಂಡರೆ ತಿರುಗಿಸುವುದು ಅಸಾಧ್ಯ.

ತಿರುಗಿಸಲು ಡೆನ್ಮಾರ್ಕಿನಲ್ಲಿ ಲೋಹದ ಹೆಣಿಗೆ ಕಡ್ಡಿಯನ್ನು ಬಳಸುವುದು ಹಳೆಯ ವಾಡಿಕೆ. ಫೋರ್ಕ್ ಅಥವಾ ಮರದ ಕಡ್ಡಿಯೂ ಆದೀತು. ಅಂಟದ ಲೇಪವಿರುವ ಕಾವಲಿಗೆ ಮರದ ಕಡ್ಡಿಯೇ ಸೂಕ್ತ.

ಪದಾರ್ಥಗಳು

ಸುಮಾರು 25 ಏಬ್ಲೆಸ್ಕಿವರ್‌ಗಳಿಗೆ 250 ಗ್ರಾಂ ಮೈದಾ, 400 ಮಿಲಿಲೀಟರ್ ಮಜ್ಜಿಗೆ, 3 ಮೊಟ್ಟೆ, 1 ದೊಡ್ಡ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು, ಅರ್ಧ ಚಿಕ್ಕ ಚಮಚ ಅಡಿಗೆ ಸೋಡಾ ಮತ್ತು ಅರ್ಧ ಚಿಕ್ಕ ಚಮಚ ಏಲಕ್ಕಿ ಪುಡಿ ಬೇಕಾಗುತ್ತವೆ. ನಿಂಬೆಯ ಸಿಪ್ಪೆಯ ಹಳದಿ ಭಾಗವನ್ನು ತುರಿದು ಸೇರಿಸುವುದೂ ಸಾಮಾನ್ಯ. ಬೇಯಿಸಲು ಬೆಣ್ಣೆ ಪ್ರತ್ಯೇಕವಾಗಿ ಬೇಕು. ಸಂಪಣದಲ್ಲಿ ಸಕ್ಕರೆ ಕಡಿಮೆಯಿರುವುದು ಉದ್ದೇಶಪೂರ್ವಕ: ಸಿಹಿ ಬಹುಪಾಲು ಜಾಮ್ ಮತ್ತು ಪುಡಿ ಸಕ್ಕರೆಯಿಂದ ಬರುತ್ತದೆ, ಅಲ್ಲದೆ ಸಕ್ಕರೆ ಹೆಚ್ಚಾದರೆ ಒಳಗೆ ಬೇಯುವ ಮೊದಲೇ ಹೊರಮೈ ಕಪ್ಪಾಗುತ್ತದೆ.

ಡೆನ್ಮಾರ್ಕಿನ ಮಜ್ಜಿಗೆ ಕನ್ನಡಿಗರ ಮನೆಯ ನೀರುಮಜ್ಜಿಗೆಯಂತಲ್ಲ. ಅದು ಮಂದವಾಗಿಯೂ ಹುಳಿಯಾಗಿಯೂ ಇರುತ್ತದೆ. ಭಾರತದಲ್ಲಿ ಮಾಡುವವರು ಹುಳಿ ಮೊಸರಿಗೆ ಸ್ವಲ್ಪವೇ ನೀರು ಬೆರೆಸಿ ಕಡೆದು ಬಳಸಿದರೆ ಅದಕ್ಕೆ ಸಮೀಪದ ಹದ ದೊರೆಯುತ್ತದೆ. ಈ ಹುಳಿ ರುಚಿಗಾಗಿ ಮಾತ್ರವಲ್ಲ. ಹುಳಿಯೊಡನೆ ಸೇರಿದ ಸೋಡಾ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡುಗಡೆ ಮಾಡುತ್ತದೆ, ಆ ಅನಿಲದ ಗುಳ್ಳೆಗಳೇ ಸಂಪಣವನ್ನು ಉಬ್ಬಿಸುತ್ತವೆ. ಮಜ್ಜಿಗೆಯ ಬದಲು ಹಾಲು ಬಳಸಿದರೆ ಸೋಡಾಕ್ಕೆ ಹುಳಿ ಸಿಗದೆ ತಿನಿಸು ಚಪ್ಪಟೆಯಾಗುತ್ತದೆ ಮತ್ತು ಸೋಡಾದ ವಾಸನೆ ಉಳಿಯುತ್ತದೆ. ಅಂಥ ಸಂದರ್ಭದಲ್ಲಿ ಬೇಕಿಂಗ್ ಪೌಡರ್ ಬಳಸಬೇಕು.

ಏಲಕ್ಕಿಯು ಪಶ್ಚಿಮ ಘಟ್ಟಗಳ ಮೂಲದ ಬೆಳೆ. ಕೊಡಗು ಮತ್ತು ಮಲೆನಾಡಿನ ಈ ಸಂಬಾರ ಪದಾರ್ಥ ಉತ್ತರ ಯುರೋಪಿನ ಹಬ್ಬದ ಬ್ರೆಡ್ಡು, ಬನ್ನುಗಳಲ್ಲಿ ಎಷ್ಟು ಬೆರೆತುಹೋಗಿದೆಯೆಂದರೆ ಅದಿಲ್ಲದೆ ಸ್ಕ್ಯಾಂಡಿನೇವಿಯಾದ ಕ್ರಿಸ್ಮಸ್ ಅಡುಗೆಯನ್ನು ಊಹಿಸುವುದು ಕಷ್ಟ.

ತಯಾರಿಸುವ ವಿಧಾನ

ಮೊದಲು ಮೊಟ್ಟೆಯ ಹಳದಿ ಮತ್ತು ಬಿಳಿಭಾಗಗಳನ್ನು ಬೇರ್ಪಡಿಸಬೇಕು. ಹಳದಿಯನ್ನು ಸಕ್ಕರೆಯೊಡನೆ ಕಡೆದು ಮಜ್ಜಿಗೆ ಸೇರಿಸಿ, ಅದಕ್ಕೆ ಮೈದಾ, ಉಪ್ಪು, ಸೋಡಾ, ಏಲಕ್ಕಿಗಳನ್ನು ಬೆರೆಸಬೇಕು. ಗಂಟುಗಳು ಒಡೆದೊಡನೆ ಕಲಕುವುದನ್ನು ನಿಲ್ಲಿಸಬೇಕು. ಹೆಚ್ಚು ಕಲಕಿದಷ್ಟೂ ಮೈದಾದ ಗ್ಲುಟೆನ್ ಬಲಿತು ತಿನಿಸು ರಬ್ಬರಿನಂತಾಗುತ್ತದೆ. ಕೊನೆಯಲ್ಲಿ, ಬೇರೆ ಪಾತ್ರೆಯಲ್ಲಿ ಬಿಳಿಭಾಗವನ್ನು ನೊರೆ ಗಟ್ಟಿಯಾಗಿ ನಿಲ್ಲುವವರೆಗೆ ಕಡೆದು, ಆ ನೊರೆ ಕುಸಿಯದಂತೆ ಸಂಪಣದೊಳಗೆ ಮೆಲ್ಲನೆ ಮಡಚುತ್ತ ಬೆರೆಸಬೇಕು. ಬಿಳಿಭಾಗದ ಪಾತ್ರೆಯಲ್ಲಿ ಜಿಡ್ಡಾಗಲಿ, ಹಳದಿಯ ಒಂದು ತೊಟ್ಟಾಗಲಿ ಇದ್ದರೆ ನೊರೆ ಸರಿಯಾಗಿ ಏಳುವುದಿಲ್ಲ. ಸಿದ್ಧವಾದ ಸಂಪಣ ಇಡ್ಲಿ ಹಿಟ್ಟಿನಷ್ಟು ಮಂದವಾಗಿರಬೇಕು. ಸೋಡಾದ ಗುಳ್ಳೆಗಳೂ ಮೊಟ್ಟೆಯ ನೊರೆಯೂ ಹೆಚ್ಚು ಹೊತ್ತು ನಿಲ್ಲವು. ಆದ್ದರಿಂದ ಸಂಪಣವನ್ನು ಕಲಸಿದ ಕೂಡಲೇ ಬೇಯಿಸಬೇಕು. ಯೀಸ್ಟ್ ಬಳಸಿದ್ದರೆ ಮಾತ್ರ ಅದು ಉಬ್ಬುವವರೆಗೆ ಬೆಚ್ಚಗಿನ ಜಾಗದಲ್ಲಿ ಮುಚ್ಚಿಡಬೇಕು.

ಕಬ್ಬಿಣದ ಕಾವಲಿಯನ್ನು ಮಧ್ಯಮ ಉರಿಯಲ್ಲಿ ಐದು ನಿಮಿಷವಾದರೂ ಕಾಯಿಸಬೇಕು. ಪ್ರತಿ ಗುಳಿಗೂ ಸುಮಾರು ಅರ್ಧ ಚಿಕ್ಕ ಚಮಚ ಬೆಣ್ಣೆ ಹಾಕಿ, ಅದರ ನೊರೆ ಅಡಗಿದಾಗ ಗುಳಿಯ ಮುಕ್ಕಾಲು ಭಾಗದಷ್ಟು ಸಂಪಣ ಹುಯ್ಯಬೇಕು. ಸೇಬಿನ ತುಂಡನ್ನು ಇಡುವುದಾದರೆ ಈಗಲೇ ಇಟ್ಟು, ಅದರ ಮೇಲೆ ಸ್ವಲ್ಪ ಸಂಪಣ ಹಾಕಬೇಕು. ಒಂದು ನಿಮಿಷದ ಆಸುಪಾಸಿನಲ್ಲಿ ಅಂಚು ಗಟ್ಟಿಯಾಗುತ್ತದೆ. ನಡುಭಾಗ ಇನ್ನೂ ಹಸಿಯಾಗಿರುತ್ತದೆ.

ಈ ಹಂತದಲ್ಲಿಯೇ ಏಬ್ಲೆಸ್ಕಿವರ್‌ನ ಗುಟ್ಟು ಇರುವುದು. ಕಡ್ಡಿಯನ್ನು ಗುಳಿಯ ಅಂಚಿನಲ್ಲಿ ತೂರಿಸಿ ಬೆಂದ ಪದರವನ್ನು ಮೇಲೆತ್ತಿ ಕಾಲು ಸುತ್ತು ಮಾತ್ರ ತಿರುಗಿಸಬೇಕು. ಆಗ ಬೆಂದ ಬಟ್ಟಲಿನಾಕಾರದ ಪದರ ಗುಳಿಯಲ್ಲಿ ನೆಟ್ಟಗೆ ನಿಲ್ಲುತ್ತದೆ ಮತ್ತು ಒಳಗಿನ ಹಸಿ ಸಂಪಣ ತೆರವಾದ ಅರ್ಧಕ್ಕೆ ಹರಿದು ತುಂಬುತ್ತದೆ. ಅರ್ಧ ನಿಮಿಷದ ಬಳಿಕ ಮತ್ತೊಂದು ಕಾಲು ಸುತ್ತು. ಈಗ ಬಾಯಿ ಮುಚ್ಚಿ ಚೆಂಡು ಪೂರ್ಣವಾಗುತ್ತದೆ. ಅನಂತರ ಎಲ್ಲ ಕಡೆಯೂ ಹೊಂಬಣ್ಣ ಬರುವವರೆಗೆ ಆಗಾಗ ಉರುಳಿಸುತ್ತಿರಬೇಕು. ಒಟ್ಟು ನಾಲ್ಕರಿಂದ ಆರು ನಿಮಿಷ ಹಿಡಿಯುತ್ತದೆ. ಒಮ್ಮೆಗೇ ಪೂರ್ತಿ ಮಗುಚಿಹಾಕಿದರೆ ಮೇಲ್ಭಾಗದ ಹಸಿ ಸಂಪಣ ಹರಡಿಕೊಂಡು ತಿನಿಸು ತಟ್ಟೆಯಂತೆ ಚಪ್ಪಟೆಯಾಗುತ್ತದೆ. ಅಂಚು ಗಟ್ಟಿಯಾಗಲೆಂದು ತೀರ ಹೆಚ್ಚು ಕಾದರೂ ಕೆಡುಕೇ: ಹರಿಯಲು ಹಸಿ ಸಂಪಣ ಉಳಿಯದೆ ಚೆಂಡು ಪೊಳ್ಳಾಗುತ್ತದೆ.

ಗ್ಯಾಸ್ ಒಲೆಯಲ್ಲಿ ನಡುವಿನ ಗುಳಿ ಉಳಿದವಕ್ಕಿಂತ ಬೇಗ ಕಾಯುವುದರಿಂದ ಅದನ್ನು ಕೊನೆಯಲ್ಲಿ ತುಂಬಿ ಮೊದಲು ತಿರುಗಿಸುವುದು ಲೇಸು. ಮೊದಲನೆಯ ದೋಸೆಯಂತೆ ಮೊದಲನೆಯ ಸುತ್ತಿನ ಏಬ್ಲೆಸ್ಕಿವರ್‌ಗಳೂ ಹೆಚ್ಚಾಗಿ ಅಂಕುಡೊಂಕಾಗಿಯೇ ಬರುತ್ತವೆ. ಕಾವು ಹದಕ್ಕೆ ಬಂದ ಮೇಲೆ ಉಳಿದವು ಸರಿಹೋಗುತ್ತವೆ.

ಸಾಮಾನ್ಯ ತೊಡಕುಗಳು

ಹೊರಗೆ ಕಂದಾಗಿ ಒಳಗೆ ಹಸಿಯಾಗಿ ಉಳಿಯುವುದು ಎಲ್ಲಕ್ಕಿಂತ ಹೆಚ್ಚಾಗಿ ಎದುರಾಗುವ ತೊಂದರೆ. ಉರಿ ಹೆಚ್ಚಾಗಿರುವುದೇ ಅದಕ್ಕೆ ಕಾರಣ. ಸಂಪಣದಲ್ಲಿ ಮೊಟ್ಟೆಯಿರುವುದರಿಂದ ಹಸಿಯಾದದ್ದನ್ನು ತಿನ್ನುವುದು ಆರೋಗ್ಯಕ್ಕೂ ಒಳ್ಳೆಯದಲ್ಲ. ತೆಳುವಾದ ಕಡ್ಡಿಯೊಂದನ್ನು ನಡುವಿನವರೆಗೆ ಚುಚ್ಚಿ ತೆಗೆದಾಗ ಅದಕ್ಕೆ ಸಂಪಣ ಅಂಟದಿದ್ದರೆ ಬೆಂದಿದೆ ಎಂದರ್ಥ.

ಬೆಣ್ಣೆ ಸೀದು ಕಹಿಯಾಗುವುದು ಇನ್ನೊಂದು ತೊಂದರೆ. ಬೆಣ್ಣೆಯಲ್ಲಿರುವ ಹಾಲಿನ ಘನಾಂಶ ಬೇಗ ಸುಡುತ್ತದೆ. ಸುತ್ತಿನಿಂದ ಸುತ್ತಿಗೆ ಆ ಕರಿ ಗುಳಿಯಲ್ಲಿ ಕೂಡಿಕೊಳ್ಳುತ್ತದೆ. ನಡುನಡುವೆ ಗುಳಿಗಳನ್ನು ಒರೆಸುವುದು ಅಥವಾ ಬೆಣ್ಣೆಯೊಡನೆ ಎಣ್ಣೆ ಬೆರೆಸುವುದು ಡೆನ್ಮಾರ್ಕಿನ ಅಡುಗೆಯವರ ಉಪಾಯ. ತುಪ್ಪದಲ್ಲಿ ಈ ಘನಾಂಶ ಇಲ್ಲದಿರುವುದರಿಂದ ಅದು ಸುಲಭವಾಗಿ ಸೀಯುವುದಿಲ್ಲ.

ಬಡಿಸುವ ರೀತಿ

ಬಿಸಿಯಾಗಿರುವಾಗಲೇ ಬಡಿಸುವುದು ಕ್ರಮ. ಸಾಮಾನ್ಯವಾಗಿ ಒಬ್ಬರಿಗೆ ಮೂರು. ಪಕ್ಕದಲ್ಲಿ ಸ್ಟ್ರಾಬೆರಿ ಅಥವಾ ರಾಸ್‌ಬೆರಿ ಜಾಮ್ ಮತ್ತು ಪುಡಿ ಸಕ್ಕರೆಯ ರಾಶಿ ಇರುತ್ತದೆ. ತಿನ್ನುವವರು ಒಂದೊಂದು ತುತ್ತನ್ನೂ ಎರಡರಲ್ಲಿಯೂ ಅದ್ದಿಕೊಳ್ಳುತ್ತಾರೆ. ಜೊತೆಗೆ ‘ಗ್ಲೋಗ್’ ಎಂಬ ಪಾನೀಯವನ್ನು ಕುಡಿಯುವ ರೂಢಿಯಿದೆ. ಕೆಂಪು ದ್ರಾಕ್ಷಾರಸದ ಮದ್ಯಕ್ಕೆ ದಾಲ್ಚಿನ್ನಿ, ಲವಂಗ ಮೊದಲಾದವನ್ನು ಹಾಕಿ ಬಿಸಿಮಾಡಿ, ಒಣದ್ರಾಕ್ಷಿ ಮತ್ತು ಬಾದಾಮಿ ಸೇರಿಸಿದ ಪಾನೀಯವಿದು. ಮಕ್ಕಳಿಗಾಗಿ ಮದ್ಯವಿಲ್ಲದ ಗ್ಲೋಗ್ ಮಾಡುತ್ತಾರೆ. ಡಿಸೆಂಬರಿನಲ್ಲಿ ಶಾಲೆಗಳಲ್ಲಿ ಮಕ್ಕಳೂ ಪೋಷಕರೂ ಸೇರಿ ಕಾಗದ ಕತ್ತರಿಸಿ, ಅಂಟಿಸಿ ಕ್ರಿಸ್ಮಸ್ ಅಲಂಕಾರಗಳನ್ನು ಮಾಡುವ ದಿನಗಳಲ್ಲಿಯೂ, ಕ್ರಿಸ್ಮಸ್ ಸಂತೆಗಳಲ್ಲಿಯೂ ಏಬ್ಲೆಸ್ಕಿವರ್ ಇದ್ದೇ ಇರುತ್ತದೆ.

ಡೆನ್ಮಾರ್ಕಿನ ಹೊರಗೆ

ವಲಸೆ ಹೋದ ಡೇನರು ಈ ಕಾವಲಿಯನ್ನು ಅಮೆರಿಕಕ್ಕೂ ಒಯ್ದರು. ಕ್ಯಾಲಿಫೋರ್ನಿಯಾದಲ್ಲಿ 1911ರಲ್ಲಿ ಡೇನರು ಸ್ಥಾಪಿಸಿದ ಸೊಲ್ವಾಂಗ್ ಪಟ್ಟಣದಲ್ಲಿ ಏಬ್ಲೆಸ್ಕಿವರ್ ವರ್ಷವಿಡೀ ದೊರೆಯುತ್ತದೆ. ಅಲ್ಲಿ ಇದು ಕ್ರಿಸ್ಮಸ್‌ಗೆ ಸೀಮಿತವಾಗದೆ ಬೆಳಗಿನ ಉಪಾಹಾರವೂ ಆಗಿದೆ. 1864ರವರೆಗೆ ಡೆನ್ಮಾರ್ಕಿನ ಅರಸರ ಆಳ್ವಿಕೆಯಲ್ಲಿದ್ದ, ಈಗ ಜರ್ಮನಿಗೆ ಸೇರಿದ ಶ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರದೇಶದಲ್ಲಿ ಇಂಥದೇ ಚೆಂಡುಗಳನ್ನು ಇಂಥದೇ ಕಾವಲಿಯಲ್ಲಿ ಮಾಡುತ್ತಾರೆ. ನಾರ್ವೆಯಲ್ಲಿ ಇದನ್ನು ಹೋಲುವ ತಿನಿಸಿಗೆ ‘ಮುಂಕರ್’ ಎಂಬ ಹೆಸರಿದೆ.

ಹೋಲುವ ತಿನಿಸುಗಳು

ನೆದರ್ಲೆಂಡ್ಸಿನ ಪೊಫರ್ಚೆಸ್, ಜಪಾನಿನ ತಾಕೊಯಾಕಿ, ಥಾಯ್ಲೆಂಡಿನ ಖನೊಮ್ ಕ್ರೊಕ್, ತಮಿಳುನಾಡಿನ ಪಣಿಯಾರಂ ಮತ್ತು ಕರ್ನಾಟಕದ ಪಡ್ಡು ಅಥವಾ ಗುಳಿಯಪ್ಪ ಇವೆಲ್ಲವೂ ಗುಳಿಕಾವಲಿಯಲ್ಲಿ ಬೇಯುವ ತಿನಿಸುಗಳು. ಇವುಗಳಲ್ಲಿ ಕಾಲು ಸುತ್ತಿನ ಕ್ರಮದಿಂದ ಪೂರ್ಣ ಚೆಂಡಾಗುವುದರಲ್ಲಿ ಏಬ್ಲೆಸ್ಕಿವರ್‌ಗೆ ಅತಿ ಹತ್ತಿರದ್ದು ತಾಕೊಯಾಕಿ. ಆದರೆ ಅದು ಅಷ್ಟಪದಿಯ ಮಾಂಸವಿರುವ ಖಾರದ ತಿನಿಸು. ಪಡ್ಡಿನ ಹಿಟ್ಟು ಅಕ್ಕಿ ಮತ್ತು ಉದ್ದಿನಬೇಳೆಯನ್ನು ರುಬ್ಬಿ ಹುದುಗಿಸಿದ್ದು. ಅದನ್ನು ಒಂದು ಬದಿ ಬೆಂದ ಮೇಲೆ ಒಮ್ಮೆಗೇ ಮಗುಚುವುದರಿಂದ ಅದಕ್ಕೆ ತುಸು ಚಪ್ಪಟೆಯಾದ ಗುಂಡಾಕಾರ ಬರುತ್ತದೆ.

ಏಬ್ಲೆಸ್ಕಿವರ್ ಕಾವಲಿ ದೊರೆಯದ ಕಡೆ ಪಡ್ಡಿನ ಕಾವಲಿಯಲ್ಲಿಯೂ ಇದನ್ನು ಮಾಡಬಹುದು. ಪಡ್ಡಿನ ಗುಳಿಗಳು ಸಾಮಾನ್ಯವಾಗಿ ಚಿಕ್ಕವೂ ಆಳ ಕಡಿಮೆಯವೂ ಆದ್ದರಿಂದ ತಿನಿಸು ಬೇಗ ಬೇಯುತ್ತದೆ, ತಿರುಗಿಸುವ ಸಮಯವೂ ಅದಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಅಂಟದ ಲೇಪವಿರುವ ಕಾವಲಿಯನ್ನು ಬರಿದಾಗಿ ಹೆಚ್ಚು ಹೊತ್ತು ಕಾಯಿಸಬಾರದು. ಪಡ್ಡು ಬೇಯಿಸುವಾಗ ಮಾಡುವಂತೆ ಮೇಲೆ ಮುಚ್ಚಳ ಮುಚ್ಚಬಾರದು. ಹಬೆಯಿಂದ ಮೇಲ್ಭಾಗದ ಸಂಪಣ ಗಟ್ಟಿಯಾದರೆ ಅದು ಹರಿದು ಚೆಂಡಾಗುವುದಿಲ್ಲ.